ಯಾವ ದೇಶದಲ್ಲಿ ಎಷ್ಟು ಡೀಸೆಲ್ ರೈಲು? ಲೆಕ್ಕ ಹಿಡಿಯುವ ಬಗೆ

ತಂಗಿಯ ಮಗಳು ಶಂಕರಘಟ್ಟದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ಕಳೆದ ಶ್ರಾವಣದಲ್ಲಿ ಆನಂದಪುರದ ನಮ್ಮ ಮನೆಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು. "ಮಾವ, ನೀವು ಮೂವತ್ತು ವರ್ಷ ಡೀಸೆಲ್ ಎಂಜಿನ್ ಓಡ್ಸಿದೋರು. ಬೇರೆ ಬೇರೆ ದೇಶದಲ್ಲಿ ಡೀಸೆಲ್ ರೈಲು ಹೆಂಗೆ ಕಮ್ಮಿ ಆಗ್ತಿದೆ ಅಂತ ಪ್ರಾಜೆಕ್ಟ್ ಬರೀಬೇಕು. ಎಲ್ಲಿಂದ ಹಿಡೀಲಿ?"

ಜಗಲಿಯ ಮೇಲೆ ಕೂತು ಅವಳು ಮೊಬೈಲಿನಲ್ಲಿ ಒಂದು ಭೂಪಟ ತೋರಿಸಿದಳು. ಒಂದೊಂದು ದೇಶದ ಮೇಲೂ ಒಂದೊಂದು ಅಂಕಿ. ಜರ್ಮನಿಯ ಮೇಲೆ 61 ಅಂತ ಇತ್ತು. "ಅಂದ್ರೆ ಅಲ್ಲಿ ನೂರಕ್ಕೆ ಮೂವತ್ತೊಂಬತ್ತು ರೈಲು ಇನ್ನೂ ಡೀಸೆಲ್ಲೇ ಅಲ್ವಾ?" ಅಂದಳು.

ಅಲ್ಲ. ಈ ಬರಹ ಹುಟ್ಟಿದ್ದೇ ಆ "ಅಲ್ಲ" ಅನ್ನುವುದನ್ನು ವಿವರಿಸಲಿಕ್ಕೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಮಕ್ಕಳಿಗೆ, ಪತ್ರಿಕೆಗೆ ಬರೆಯುವವರಿಗೆ, ರೈಲಿನ ಬಗ್ಗೆ ಪ್ರೀತಿ ಇರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು, ಕೈಗೆ ಸಿಕ್ಕ ಅಂಕಿ ಯಾವುದರದು ಅಂತ ಕೇಳಿ

ಭೂಪಟದಲ್ಲಿದ್ದ 61 ಹಳಿಯದು, ರೈಲಿನದಲ್ಲ. ಜರ್ಮನಿಯ ರೈಲುಮಾರ್ಗದ ಉದ್ದದಲ್ಲಿ ನೂರಕ್ಕೆ ಅರವತ್ತೊಂದರ ಆಸುಪಾಸು ಭಾಗದ ಮೇಲೆ ವಿದ್ಯುತ್ ತಂತಿ ಇದೆ, ಅಷ್ಟೇ. ಆದರೆ ಆ ದೇಶದ ರೈಲು ಓಡಾಟದ ಹತ್ತಿರ ಹತ್ತಿರ 90 ಪಾಲು ಆ ತಂತಿಯ ಕೆಳಗೇ ನಡೆಯುತ್ತದೆ. ತಂತಿ ಇಲ್ಲದ್ದು ಬಹುಮಟ್ಟಿಗೆ ಹಳ್ಳಿಗಾಡಿನ ಒಂಟಿ ಹಳಿಗಳು, ದಿನಕ್ಕೆ ಕೆಲವೇ ಗಾಡಿ ಹೋಗಿಬರುವಂಥವು.

ನಮ್ಮ ತೋಟದ ಬಡಗಣ ಮೂಲೆಯಲ್ಲಿ ಹಲಸಿನ ಮರದ ನೆರಳಿಗೆ ಸಿಕ್ಕ ಅಡಿಕೆ ಮರಗಳಿವೆ. ಮರ ಎಣಿಸಿದರೆ ಅವೂ ಲೆಕ್ಕಕ್ಕೆ ಬರುತ್ತವೆ. ಅಡಿಕೆ ಗೊನೆ ಇಳಿಸಿದ ದಿನ ತೂಕ ನೋಡಿದರೆ ಅವುಗಳ ಪಾಲು ಒಂದು ಬುಟ್ಟಿಯೂ ತುಂಬುವುದಿಲ್ಲ. ಹಳಿಯ ಉದ್ದಕ್ಕೂ ರೈಲಿನ ಓಡಾಟಕ್ಕೂ ಇರುವ ಅಂತರ ಹೀಗೆಯೇ. ಅವಳಿಗೆ ಇದು ತಟ್ಟನೆ ತಲೆಗೆ ಹೋಯಿತು, ಆದರೂ ಕಾಗದದ ಮೇಲೆ ಮಾಡಿಯೇ ನೋಡೋಣ ಅಂತ ಕ್ಯಾಲೆಂಡರಿನ ಹಿಂಬದಿ ಹರಿದು ಕೊಟ್ಟೆ. ನೀವೂ ಒಮ್ಮೆ ಮಾಡಿ.

100 ಕಿಲೋಮೀಟರ್ ಹಳಿ ಇರುವ ಒಂದು ಊಹೆಯ ದೇಶ ಇಟ್ಟುಕೊಳ್ಳಿ. 60 ಕಿಲೋಮೀಟರಿಗೆ ತಂತಿ ಇದೆ, ಅಲ್ಲಿ ದಿನಕ್ಕೆ 20 ರೈಲು. ಉಳಿದ 40 ಕಿಲೋಮೀಟರಿಗೆ ತಂತಿ ಇಲ್ಲ, ಅಲ್ಲಿ ದಿನಕ್ಕೆ 3 ರೈಲು. ಒಂದು ರೈಲು ಒಂದು ಕಿಲೋಮೀಟರ್ ಓಡಿದರೆ ಒಂದು ರೈಲು-ಕಿಲೋಮೀಟರ್. ತಂತಿಯ ಕಡೆ 60 ಗುಣಿಸು 20, ಅಂದರೆ 1,200. ಡೀಸೆಲ್ ಕಡೆ 40 ಗುಣಿಸು 3, ಅಂದರೆ 120. ಒಟ್ಟು 1,320. ಹಳಿ ಅಳೆದರೆ ಡೀಸೆಲಿನ ಪಾಲು 40, ಓಟ ಅಳೆದರೆ 9ರ ಸುಮಾರು. ಎರಡೂ ಒಂದೇ ದೇಶ, ಎರಡೂ ನಿಜ. ಯಾವುದನ್ನು ಬರೆಯುತ್ತೀರಿ ಅನ್ನುವುದರ ಮೇಲೆ ಓದುವವನ ತಲೆಯಲ್ಲಿ ಬೇರೆ ಬೇರೆ ದೇಶವೇ ಮೂಡುತ್ತದೆ.

ರಷ್ಯಾ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ಮಾರ್ಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗಕ್ಕೆ ಮಾತ್ರ ತಂತಿ. ಸರಕಿನಲ್ಲಿ 85ಕ್ಕೂ ಹೆಚ್ಚು ಪಾಲು ಅದರ ಕೆಳಗೇ ಸಾಗುತ್ತದೆ, ಯಾಕೆಂದರೆ ಭಾರ ಹೊರುವ ಹಳಿ ಯಾವುದೋ ಅದಕ್ಕೇ ಅವರು ಮೊದಲು ತಂತಿ ಎಳೆದರು. ಟ್ರಾನ್ಸ್-ಸೈಬೀರಿಯನ್ ಮಾರ್ಗಕ್ಕೆ ತಂತಿ ಎಳೆಯುವ ಕೆಲಸ 1929ರಲ್ಲಿ ಶುರುವಾಗಿ ಮುಗಿದದ್ದು 2002ರಲ್ಲಿ. ನಮ್ಮ ದೇಶದಲ್ಲೂ ಕಳೆದ ದಶಕದ ಮಧ್ಯದಲ್ಲಿ ತಂತಿ ಇದ್ದದ್ದು ಮಾರ್ಗದ 40ರ ಆಸುಪಾಸಿಗೆ, ಆಗಲೇ ಸರಕಿನ ಮೂರರಲ್ಲಿ ಎರಡು ಪಾಲನ್ನು ವಿದ್ಯುತ್ ಎಂಜಿನ್ನುಗಳು ಎಳೆಯುತ್ತಿದ್ದವು.

ಇನ್ನೊಂದು ಸಣ್ಣ ಎಚ್ಚರಿಕೆ. ಜೋಡಿ ಹಳಿ ಇರುವ ಕಡೆ ಕೆಲವರು ಮಾರ್ಗವನ್ನು ಒಮ್ಮೆ ಎಣಿಸುತ್ತಾರೆ, ಕೆಲವರು ಎರಡೂ ಹಳಿ ಎಣಿಸುತ್ತಾರೆ. ರೂಟ್ ಕಿಲೋಮೀಟರೋ ಟ್ರ್ಯಾಕ್ ಕಿಲೋಮೀಟರೋ ನೋಡಿಕೊಳ್ಳದೆ ಎರಡು ದೇಶವನ್ನು ಪಕ್ಕಪಕ್ಕ ಇಡಬೇಡಿ.

ರೈಲು ಎಣಿಸಿದರೆ ಸಾಲದು, ಭಾರವೂ ಬೇಕು

ರೈಲು-ಕಿಲೋಮೀಟರ್ ಹಳಿಗಿಂತ ಮೇಲು, ಆದರೆ ಅದಕ್ಕೂ ಕೊರತೆ ಇದೆ. ಶಿವಮೊಗ್ಗ–ತಾಳಗುಪ್ಪ ಇನ್ನೂ ಮೀಟರ್ ಗೇಜ್ ಇದ್ದಾಗ ಅಲ್ಲಿ ರೈಲ್‌ಬಸ್ ಓಡುತ್ತಿತ್ತು. ಹಳಿಯ ಮೇಲೆ ಹೋಗುವ ಒಂದು ಬಸ್ಸು ಅಂದರೆ ಅದೇ. ಕುಂಸಿ, ಅರಸಾಳು, ಕೆಂಚನಾಲ ಅಂತ ಕಾಡಿನ ನಡುವೆ ನಿಧಾನವಾಗಿ ಹೋಗುತ್ತಿತ್ತು. ಸಾಗರದ ಕಡೆಯವರಿಗೆ ಅದರ ಮೇಲೆ ಈಗಲೂ ಅಕ್ಕರೆ. ಲೆಕ್ಕದ ಪುಸ್ತಕದಲ್ಲಿ ಆ ರೈಲ್‌ಬಸ್ಸೂ ಒಂದು ರೈಲು, ನಾನು ಮಂಗಳೂರಿನ ಕಡೆ ಇಳಿಸುತ್ತಿದ್ದ ಅದಿರಿನ ಗೂಡ್ಸೂ ಒಂದು ರೈಲು.

ಆಸ್ಟ್ರೇಲಿಯಾದ ಪಿಲ್‌ಬರಾದಲ್ಲಿ 2001ರ ಜೂನಿನಲ್ಲಿ ಬಿಎಚ್‌ಪಿ ಗಣಿ ಕಂಪನಿ ಓಡಿಸಿದ ಗಾಡಿಯೂ ಪುಸ್ತಕದಲ್ಲಿ ಒಂದೇ ರೈಲು. 682 ವ್ಯಾಗನ್, 8 ಡೀಸೆಲ್ ಎಂಜಿನ್, 7 ಕಿಲೋಮೀಟರಿಗೂ ಮೀರಿದ ಉದ್ದ, ಒಟ್ಟು ಭಾರ 99,000 ಟನ್ನಿಗೂ ಹೆಚ್ಚು. ಅದರ ಎಂಜಿನ್ ಆನಂದಪುರದ ಸ್ಟೇಷನ್ನಿನಲ್ಲಿ ನಿಂತರೆ ಬಾಲ ಇನ್ನೂ ಊರಾಚೆಯ ತೋಟಗಳ ಹತ್ತಿರ ಇರುತ್ತಿತ್ತು.

ಅದಕ್ಕೇ ಸರಕಿಗೆ ಟನ್-ಕಿಲೋಮೀಟರ್ (ಒಂದು ಟನ್ ಒಂದು ಕಿಲೋಮೀಟರ್ ಸಾಗಿದರೆ ಒಂದು), ಜನಕ್ಕೆ ಅದೇ ಬಗೆಯ ಪ್ರಯಾಣಿಕ-ಕಿಲೋಮೀಟರ್ ಹಿಡಿಯಿರಿ. ಎರಡನ್ನೂ ಕೂಡಿಸಬೇಡಿ. ರಾಶಿ, ಗೊರಬಲು ಅಂತ ಬೇರೆ ಬೇರೆ ದರ್ಜೆಯ ಅಡಿಕೆಯನ್ನು ಒಂದೇ ಚೀಲಕ್ಕೆ ಸುರಿದು ದರ ಕೇಳಿದಂತೆ ಆಗುತ್ತದೆ. ಜನ ಮತ್ತು ಸರಕು ಎರಡಕ್ಕೂ ಸೇರಿ ಒಂದೇ ಅಳತೆ ಬೇಕೇ ಬೇಕು ಅಂದರೆ, ಗಾಡಿಯ ಸ್ವಂತ ತೂಕವೂ ಸೇರಿದ ಗ್ರಾಸ್ ಟನ್-ಕಿಲೋಮೀಟರ್ ಇದೆ. ಎಂಜಿನ್ ನಿಜವಾಗಿ ಎಳೆಯುವುದು ಅದನ್ನೇ, ಡ್ರೈವರ್ ಆದ ನನಗೆ ಅದರ ಮೇಲೇ ಹೆಚ್ಚು ನಂಬಿಕೆ. ಆದರೆ ಒಂದು ದೇಶಕ್ಕೆ ಗ್ರಾಸ್, ಇನ್ನೊಂದಕ್ಕೆ ಬರೀ ಸರಕಿನ ತೂಕ ಅಂತ ಬೆರಸಿದಿರೋ, ಎರಡನೆಯ ದೇಶ ಸುಮ್ಮಸುಮ್ಮನೆ ಸಣ್ಣದಾಗಿ ಕಾಣುತ್ತದೆ.

ಲೀಟರ್ ಲೆಕ್ಕ

ಎಷ್ಟು ಡೀಸೆಲ್ ಸುಟ್ಟರು ಅನ್ನುವುದು ಎಲ್ಲಕ್ಕಿಂತ ಗಟ್ಟಿ ಅಂಕಿ ಅಂತ ಬಹಳ ಜನ ತಿಳಿದಿದ್ದಾರೆ. ಖರ್ಚು ತಿಳಿಯಬೇಕಾದರೆ, ಹೊಗೆ ಎಷ್ಟು ಅಂತ ತಿಳಿಯಬೇಕಾದರೆ ಸರಿಯೇ. ರೈಲು ಓಡಾಟ ಹೆಚ್ಚಿತೋ ಕಡಿಮೆಯಾಯಿತೋ ಅಂತ ಅದೊಂದರಿಂದಲೇ ಹೇಳಲಾಗದು.

ನಾನು ಮೊದಲು ಕೈಹಾಕಿದ್ದು ಆಲ್ಕೋ ಎಂಜಿನ್ನಿಗೆ. ಹದಿನಾರು ಸಿಲಿಂಡರು, 2,600 ಅಶ್ವಶಕ್ತಿ, 5,000 ಲೀಟರಿನ ಟ್ಯಾಂಕು. ಹ್ಯಾಂಡಲಿಗೆ ಎಂಟು ನಾಚ್, ಅಂದರೆ ಶಕ್ತಿ ಏರಿಸುವ ಎಂಟು ಮೆಟ್ಟಿಲು. ಒಂದು, ಎರಡು, ಮೂರು ಅಂತ ಏರಿಸುತ್ತಾ ಹೋದ ಹಾಗೆ ಮೊದಲು ಕಪ್ಪು ಹೊಗೆ ಕಕ್ಕುತ್ತಿತ್ತು, ಟರ್ಬೋ ವೇಗ ಹಿಡಿದ ಮೇಲೆ ಹೊಗೆ ತಿಳಿಯಾಗುತ್ತಿತ್ತು. ಅಂಗಾಲಿನಿಂದ ಮಂಡಿಯವರೆಗೆ ಆ ನಡುಕ ಈಗಲೂ ನೆನಪಿದೆ. ಎದುರಿನ ಗಾಡಿಗೆ ದಾರಿ ಬಿಡಲು ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ, ಅಂದರೆ ಲೂಪಿನಲ್ಲಿ, ಎರಡು ಗಂಟೆ ನಿಲ್ಲಿಸಿದರೂ ಎಂಜಿನ್ ಆರಿಸುತ್ತಿರಲಿಲ್ಲ. ಬ್ಯಾಟರಿ ಕೈಕೊಟ್ಟು ಮತ್ತೆ ಸ್ಟಾರ್ಟ್ ಆಗದಿದ್ದರೆ ಇಡೀ ಸೆಕ್ಷನ್ನೇ ನಿಲ್ಲುತ್ತಿತ್ತು. ನಿಂತಲ್ಲೇ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಲೀಟರ್ ಉರಿಯುತ್ತಿತ್ತು. ಒಂದು ಮೀಟರ್ ಕೂಡ ಓಡದ ಗಾಡಿ ಕುಡಿದ ಎಣ್ಣೆ ಅದು.

ಆಮೇಲೆ ಘಾಟಿ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್, 57 ಸುರಂಗ, 50 ಅಡಿ ಹೋದರೆ 1 ಅಡಿ ಏರು. ಮುಂದೆ ಎಂಜಿನ್, ಹಿಂದೆ ನೂಕಲಿಕ್ಕೆ ಬ್ಯಾಂಕರ್. ಮಳೆಗಾಲದಲ್ಲಿ ಹಳಿ ಒದ್ದೆಯಾಗಿ ಚಕ್ರ ಜಾರುವಾಗ ಮರಳು ಬಿಡುತ್ತಾ ಏರಬೇಕು. ಅದೇ ಭಾರವನ್ನು ಅರಸೀಕೆರೆಯ ಬಯಲಿನಲ್ಲಿ ಎಳೆಯುವುದಕ್ಕೂ ಇಲ್ಲಿ ಎಳೆಯುವುದಕ್ಕೂ ಎಣ್ಣೆಯ ಲೆಕ್ಕದಲ್ಲಿ ಹೋಲಿಕೆಯೇ ಇಲ್ಲ. ಹಾಗಾಗಿ ಗುಡ್ಡದ ದೇಶದ ಲೀಟರನ್ನು ಬಯಲು ದೇಶದ ಲೀಟರಿನ ಜೊತೆ ನೇರವಾಗಿ ಇಡಬೇಡಿ. ನಮ್ಮ ರೈಲ್ವೆಯಲ್ಲಿ 1,000 ಗ್ರಾಸ್ ಟನ್-ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಹಿಡಿಯುವುದು ವಾಡಿಕೆ. ಒಂದೇ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಹೋಲಿಸಲು ಅದು ಒಳ್ಳೆಯ ಅಳತೆ.

ಕಡಿಮೆ ಆದದ್ದು ಯಾಕೆ ಅಂತ ಬೇರ್ಪಡಿಸಿ

ಇಲ್ಲೇ ಹೆಚ್ಚು ಹೊತ್ತು ಕೂರಬೇಕು. ಡೀಸೆಲ್ ಗೆರೆ ಕೆಳಗಿಳಿದದ್ದು ಕಂಡ ಕೂಡಲೇ "ವಿದ್ಯುತ್ ಬಂತು" ಅಂತ ಬರೆಯಬೇಡಿ.

ಭಾರತದಲ್ಲಿ ಅದು ನಿಜ. ಇಲ್ಲಿ ವಿದ್ಯುತ್ ರೈಲು ಮೊದಲು ಓಡಿದ್ದು 1925ರ ಫೆಬ್ರುವರಿ 3ರಂದು, ಮುಂಬಯಿ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ಅಲ್ಲಿಂದ 2014ರವರೆಗೆ, ಅಂದರೆ ಸುಮಾರು ತೊಂಬತ್ತು ವರ್ಷದಲ್ಲಿ, ತಂತಿ ಬಂದದ್ದು 21,801 ಕಿಲೋಮೀಟರಿಗೆ. ಆಮೇಲಿನ ಹತ್ತು ಹನ್ನೊಂದು ವರ್ಷದಲ್ಲಿ ಅದರ ಎರಡರಷ್ಟು ಸೇರಿತು. ಬ್ರಾಡ್‌ಗೇಜ್ ಪೂರ್ತಿ ವಿದ್ಯುತ್ ಆಗಬೇಕು ಅಂತ ಕೇಂದ್ರ ಸಂಪುಟ ಒಪ್ಪಿದ್ದು 2018ರಲ್ಲಿ, 2025ರ ಹೊತ್ತಿಗೆ ನೂರಕ್ಕೆ 99ರ ಆಸುಪಾಸು ಮುಗಿದಿತ್ತು. ಎಣ್ಣೆ ಹೊರದೇಶದಿಂದ ಬರಬೇಕು, ವಿದ್ಯುತ್ ಇಲ್ಲೇ ಹುಟ್ಟುತ್ತದೆ ಅನ್ನುವುದು ದೊಡ್ಡ ಕಾರಣ. 2019ರ ಮಾರ್ಚಿನಲ್ಲಿ ಭಾರತೀಯ ರೈಲ್ವೆಯಲ್ಲಿ ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳು ಆರು ಆರು ಸಾವಿರದಂತೆ ಸರಿಸಮ ಇದ್ದವು, ಆಮೇಲೆ ತಕ್ಕಡಿ ಒಂದೇ ಕಡೆಗೆ ವಾಲಿತು. ನಮ್ಮ ತಾಳಗುಪ್ಪದ ಹಳಿಗೂ ತಂತಿ ಬಂತು. ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗೆ ಊರುಗಳನ್ನೇ ಕೊಟ್ಟೆವು. ಅದರ ಮಗ್ಗುಲಲ್ಲೇ ಹೋಗುವ ರೈಲು ಇಷ್ಟು ಕಾಲ ಡೀಸೆಲ್ ಕುಡಿಯುತ್ತಿದ್ದದ್ದು ನನಗೆ ಯಾವತ್ತೂ ಮನಸ್ಸಿಗೆ ಹಿಡಿಸಿರಲಿಲ್ಲ. ಸ್ವಿಟ್ಜರ್ಲೆಂಡಿನವರು ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಪೇಚಾಡಿ, ತಮ್ಮ ಬೆಟ್ಟದ ನೀರಿನಿಂದಲೇ ರೈಲು ಓಡಿಸಲು ಹೊರಟರು. 1920ರಲ್ಲೇ ಗೊಟ್ಟಾರ್ಡ್ ಸುರಂಗದಲ್ಲಿ ವಿದ್ಯುತ್ ರೈಲು ಓಡಿತು. ಈಗ ಅಲ್ಲಿ ಹೆಚ್ಚುಕಡಿಮೆ ಪೂರ್ತಿ ವಿದ್ಯುತ್ತೇ.

ಅಮೆರಿಕದ್ದು ಬೇರೆ ಕಥೆ. ಅಲ್ಲಿ ಮಾರ್ಗದ ನೂರಕ್ಕೆ ಒಂದು ಪಾಲಿಗೂ ತಂತಿ ಇಲ್ಲ. ಸರಕು ಪೂರ್ತಿ ಡೀಸೆಲ್. ಆದರೂ ದೊಡ್ಡ ಸರಕು ಕಂಪನಿಗಳು 2006ರ ಸುಮಾರಿಗೆ ವರ್ಷಕ್ಕೆ 400 ಕೋಟಿ ಗ್ಯಾಲನ್ ಮೀರಿ ಸುಡುತ್ತಿದ್ದದ್ದು ಮುಂದಿನ ಹದಿನೈದು ವರ್ಷದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಇಳಿಯಿತು. ತಂತಿ ಬಂದಿತೇ? ಇಲ್ಲ. ಕಲ್ಲಿದ್ದಲು ಹೋಯಿತು. ವಿದ್ಯುತ್ ಸ್ಥಾವರಗಳು ಅನಿಲಕ್ಕೆ ಹೊರಳಿದ ಮೇಲೆ ರೈಲಿನಲ್ಲಿ ಹೋಗುವ ಕಲ್ಲಿದ್ದಲು 2008ರ ಮಟ್ಟದ ಅರ್ಧಕ್ಕೂ ಕೆಳಗಿಳಿಯಿತು. ಜೊತೆಗೆ ಗಾಡಿಗಳು ಉದ್ದವಾದವು, ಎಂಜಿನ್ನುಗಳು ಸುಧಾರಿಸಿದವು. ಅಲ್ಲಿ ಹಳಿ ಕಂಪನಿಗಳದ್ದೇ ಸ್ವತ್ತು, ತಂತಿ ಎಳೆಯುವ ಖರ್ಚು ಅವರೇ ಹೊರಬೇಕು, ಲಾಭ ಕೈಗೆ ಬರಲು ಹತ್ತಾರು ವರ್ಷ. ಆದ್ದರಿಂದ ಮನಸ್ಸು ಮಾಡುವುದಿಲ್ಲ. ಕಂಟೇನರಿನ ಮೇಲೆ ಕಂಟೇನರ್ ಇಡುವುದರಿಂದ ತಂತಿ ಅಡ್ಡ ಬರುತ್ತದೆ ಅಂತಲೂ ಹೇಳುತ್ತಾರೆ. ಆ ಮಾತು ಪೂರ್ತಿ ನಿಲ್ಲುವುದಿಲ್ಲ, ಯಾಕೆಂದರೆ 2020ರಲ್ಲಿ ಗುಜರಾತಿನಲ್ಲಿ ನಮ್ಮವರು ತಂತಿಯನ್ನೇ ಏಳೂವರೆ ಮೀಟರಿಗೆ ಎತ್ತರಿಸಿ ಎರಡಂತಸ್ತಿನ ಕಂಟೇನರ್ ಗಾಡಿ ಓಡಿಸಿ ತೋರಿಸಿದರು.

ಮೂರನೆಯದು ತುಸು ಸೂಕ್ಷ್ಮ. ಒಂದು ದೇಶದಲ್ಲಿ ಕಡಿಮೆಯಾದ ಡೀಸೆಲ್ ಇನ್ನೊಂದು ದೇಶದಲ್ಲಿ ಎದ್ದು ನಿಲ್ಲಬಹುದು. ಇಲ್ಲಿ ಕೆಲಸ ಕಮ್ಮಿಯಾದ ಬ್ರಾಡ್‌ಗೇಜ್ ಡೀಸೆಲ್ ಎಂಜಿನ್ನುಗಳಲ್ಲಿ ಹತ್ತು 2020ರಲ್ಲಿ, ಇಪ್ಪತ್ತು 2023ರಲ್ಲಿ ಬಾಂಗ್ಲಾದೇಶಕ್ಕೆ ಹೋದವು. ಬಿಹಾರದ ಮಢೌರಾ ಕಾರ್ಖಾನೆ ನಮ್ಮ ರೈಲ್ವೆಗೆ ಡೀಸೆಲ್ ಎಂಜಿನ್ ಕಟ್ಟಲೆಂದೇ ಹುಟ್ಟಿದ್ದು, ಈಗ ಆಫ್ರಿಕಾದ ಗಿನಿ ದೇಶದ ಅದಿರು ಸಾಗಣೆಗೆ ಎಂಜಿನ್ ಕಳಿಸುತ್ತಿದೆ. ಆಫ್ರಿಕಾದೊಳಗೇ ನೆರೆಹೊರೆ ಬೇರೆ ಬೇರೆ ದಾರಿ ಹಿಡಿದಿವೆ. ಕೆನ್ಯಾ 2017ರಲ್ಲಿ ಮೊಂಬಾಸಾ–ನೈರೋಬಿ ಹೊಸ ಮಾರ್ಗವನ್ನು ಡೀಸೆಲಿನಲ್ಲೇ ತೆರೆಯಿತು, ಪಕ್ಕದ ತಾಂಜಾನಿಯಾ 2024ರಲ್ಲಿ ದಾರ್-ಎಸ್-ಸಲಾಮಿನಿಂದ ಡೊಡೊಮಾಕ್ಕೆ ವಿದ್ಯುತ್ ಮಾರ್ಗ ತೆರೆಯಿತು. ಹಾಗಾಗಿ "ಪ್ರಪಂಚದಲ್ಲೆಲ್ಲ" ಅನ್ನುವ ಮಾತನ್ನು ಪ್ರಾಜೆಕ್ಟಿನ ಶೀರ್ಷಿಕೆಯಿಂದ ತೆಗೆಸಿಬಿಟ್ಟೆ.

ಎರಡೂ ಜಾತಿಗೆ ಸೇರಿದ ಗಾಡಿಗಳು

ಬ್ರಿಟನ್ನಿನಲ್ಲಿ ಮಾರ್ಗದ ನೂರಕ್ಕೆ 39ರ ಸುಮಾರು ಮಾತ್ರ ವಿದ್ಯುತ್ ಆಗಿದೆ. ಲಂಡನ್ನಿನಿಂದ ವೇಲ್ಸಿಗೆ ಹೋಗುವ ತಂತಿ ಕಾರ್ಡಿಫ್‌ಗೆ ಬಂದು ನಿಂತಿತು. ಸ್ವಾನ್ಸೀವರೆಗೆ ಎಳೆಯುವುದನ್ನು 2017ರಲ್ಲಿ ಕೈಬಿಟ್ಟರು. ಆದರೆ ಗಾಡಿ ನಿಲ್ಲುವುದಿಲ್ಲ. ಹಿಟಾಚಿಯವರು ಕಟ್ಟಿದ ಆ ರೈಲು ಕಾರ್ಡಿಫ್‌ವರೆಗೆ ತಂತಿಯಿಂದ, ಮುಂದೆ ತನ್ನ ಹೊಟ್ಟೆಯಲ್ಲಿರುವ ಡೀಸೆಲ್ ಎಂಜಿನ್ನಿನಿಂದ ಓಡುತ್ತದೆ. ಇದನ್ನು ಯಾವ ಕಡೆಗೆ ಬರೆಯುತ್ತೀರಿ? ಗಾಡಿ ಎಣಿಸಿದರೆ ಉತ್ತರವೇ ಸಿಗದು. ಕಿಲೋಮೀಟರ್ ಒಡೆದು ಬರೆಯಬೇಕು.

ತಂತಿ ಇದ್ದೂ ಅದರ ಕೆಳಗೆ ಡೀಸೆಲ್ ಓಡುವುದೂ ಉಂಟು. ಹೊರಡುವ ಊರಿಗೆ ತಂತಿ ಇದೆ, ನಡುವೆ ಇದೆ, ಕೊನೆಯ ಸೈಡಿಂಗಿಗೆ (ಸರಕು ಇಳಿಸುವ ಪಕ್ಕದ ಹಳಿಗೆ) ಇಲ್ಲ ಅಂದರೆ ಎಂಜಿನ್ ಬದಲಿಸಲು ಅರ್ಧ ಗಂಟೆ ಕಳೆಯುವ ಬದಲು ಡೀಸೆಲನ್ನೇ ಉದ್ದಕ್ಕೂ ಓಡಿಸುತ್ತಾರೆ. ಬ್ರಿಟನ್ನಿನ ಸರಕು ಗಾಡಿಗಳಲ್ಲಿ ಇದು ಬಹಳ. ನಮ್ಮ ಕಡೆಯೂ ಬೀರೂರಿನವರೆಗೆ ತಂತಿ ಬಂದು ಮುಂದೆ ಇಲ್ಲದ ದಿನಗಳಲ್ಲಿ ಇದೇ ಆಗುತ್ತಿತ್ತು. ಇನ್ನು ಹೈಡ್ರೋಜನ್ ರೈಲು, ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ 2018ರಿಂದ ಜನರನ್ನು ಹೊತ್ತು ಓಡಿದಂಥದ್ದು, ಬ್ಯಾಟರಿ ರೈಲು: ಇವುಗಳಿಗೆ ಬೇರೆ ಸಾಲು ಕೊಡಿ, ಡೀಸೆಲ್ ಅಲ್ಲ ಅನ್ನುವ ಒಂದೇ ಕಾರಣಕ್ಕೆ ತಂತಿಯ ಸಾಲಿಗೆ ತಳ್ಳಬೇಡಿ.

ಅಳತೆ, ವರ್ಷ

ಅಮೆರಿಕದ ಟನ್ 907 ಕಿಲೋ, ಅವರ ಮೈಲಿ 1.609 ಕಿಲೋಮೀಟರ್. ಅವರ ಒಂದು ಟನ್-ಮೈಲಿ ನಮ್ಮ 1.46 ಟನ್-ಕಿಲೋಮೀಟರ್. ಗ್ಯಾಲನ್ ಅಲ್ಲಿ 3.785 ಲೀಟರ್, ಬ್ರಿಟನ್ನಿನಲ್ಲಿ 4.546. ನಮ್ಮ ರೈಲ್ವೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅಮೆರಿಕದ ಕಂಪನಿಗಳದು ಜನವರಿಯಿಂದ. 2020ನ್ನು ಮೊದಲ ವರ್ಷವಾಗಿಯೂ ಇಡಬೇಡಿ, ಕೊನೆಯ ವರ್ಷವಾಗಿಯೂ ಇಡಬೇಡಿ. ಆ ವರ್ಷ ಕೊರೋನಾದಿಂದ ಎಷ್ಟೋ ಪ್ರಯಾಣಿಕ ರೈಲುಗಳು ನಿಂತಿದ್ದವು. ಮೊದಲ ವರ್ಷ ಮಾಡಿಕೊಂಡರೆ ಆಮೇಲಿನದೆಲ್ಲ ಏರಿಕೆಯಾಗಿ ಕಾಣುತ್ತದೆ, ಕೊನೆಯದು ಮಾಡಿಕೊಂಡರೆ ಡೀಸೆಲ್ ನೆಲ ಕಚ್ಚಿದ ಹಾಗೆ ಕಾಣುತ್ತದೆ.

ಅಂಕಿ ಬೇಕಾದರೆ ನಮ್ಮಲ್ಲಿ ರೈಲ್ವೆ ಮಂಡಳಿಯ ವಾರ್ಷಿಕ ಪುಸ್ತಕ, ಯುರೋಪಿಗೆ ಯೂರೋಸ್ಟ್ಯಾಟ್, ಬ್ರಿಟನ್ನಿಗೆ ಅವರ ರೈಲು ಮತ್ತು ರಸ್ತೆ ನಿಯಂತ್ರಕರ ಕಚೇರಿ, ಹಲವು ದೇಶಕ್ಕೆ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ. ಪ್ರತಿ ಅಂಕಿಯ ಪಕ್ಕದಲ್ಲಿ ಯಾವ ವರ್ಷದ್ದು, ಏನನ್ನು ಅಳೆದದ್ದು ಅಂತ ಅವತ್ತೇ ಬರೆದುಕೊಳ್ಳಿ. ನಾಳೆ ಬರೆಯುತ್ತೇನೆ ಅಂದರೆ ಆ ನಾಳೆ ಬರುವುದಿಲ್ಲ.

ಒಂದು ದಿನ ಸ್ಟೇಷನ್ನಿನಲ್ಲಿ ಕೂತು ನೋಡಿ

ಪುಸ್ತಕದ ಲೆಕ್ಕ ಮುಗಿಸುವ ಮೊದಲು ಒಂದು ದಿನ ನಿಮ್ಮ ಹತ್ತಿರದ ಸ್ಟೇಷನ್ನಿನಲ್ಲಿ ನೋಟ್‌ಬುಕ್ ಹಿಡಿದು ಕೂರಿ. ನಾನು ಅವಳನ್ನು ಶಿವಮೊಗ್ಗ ಟೌನಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಮಂಜು ಇನ್ನೂ ತುಂಗೆಯ ಮೇಲೇ ಇತ್ತು. ಹಾಳೆಯಲ್ಲಿ ಸಮಯ, ಎಂಜಿನ್ನಿನ ಬಗೆ, ಬೋಗಿ ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ನಾಲ್ಕು ಕಾಲಂ. ಎಂಜಿನ್ ಹೆಸರು ಓದುವುದು ಸುಲಭ: ಮೊದಲಕ್ಷರ ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಎರಡನೆಯದು ಡಿ ಇದ್ದರೆ ಡೀಸೆಲ್, ಎ ಇದ್ದರೆ ತಂತಿಯದು, ಮೂರನೆಯದು ಪಿ ಇದ್ದರೆ ಪ್ಯಾಸೆಂಜರಿಗೆ, ಜಿ ಇದ್ದರೆ ಗೂಡ್ಸಿಗೆ, ಎಂ ಇದ್ದರೆ ಎರಡಕ್ಕೂ. ಬೋಗಿ ಇಲ್ಲದೆ ಒಂಟಿಯಾಗಿ ಹೋಗುವ ಲೈಟ್ ಎಂಜಿನ್ನನ್ನು ರೈಲು ಅಂತ ಎಣಿಸಬಾರದು. ನಾನೇ ಹಿಂದೊಮ್ಮೆ ಹೀಗೆ ಎಣಿಸಿ ಇಡೀ ವಾರದ ಲೆಕ್ಕ ಕೆಡಿಸಿಕೊಂಡಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಹಳದಿ ಬಣ್ಣದ ಒಂದು ಗಾಡಿ ಬಂದು ನಿಂತಿತು, ಚಾವಣಿಯ ಮೇಲೆ ಕಟಕಟೆಯಂಥ ಅಟ್ಟ. ಟವರ್ ವ್ಯಾಗನ್. ತಂತಿ ರಿಪೇರಿ ಮಾಡುವವರು ಅದರ ಮೇಲೆ ಹತ್ತಿ ಕೆಲಸ ಮಾಡುತ್ತಾರೆ. ಅವರು ಕೈಯಿಡುವ ಮೊದಲು ತಂತಿಯ ವಿದ್ಯುತ್ ಕಡಿಯಬೇಕು, ಆದ್ದರಿಂದ ಆ ಗಾಡಿ ಓಡುವುದು ಡೀಸೆಲಿನಲ್ಲಿ. ಪೆನ್ಸಿಲ್ ಹಿಡಿದು ಅವಳು ನನ್ನ ಮುಖ ನೋಡಿದಳು.

"ಇದನ್ನ ಎಲ್ಲಿ ಬರೀಲಿ ಮಾವ?"

"ಜನಾನೂ ಇಲ್ಲ, ಸರಕೂ ಇಲ್ಲ. ಓಡಾಟದ ಕಾಲಂಗೆ ಬೇಡ. ಲೀಟರ್ ಲೆಕ್ಕದಲ್ಲಿ ಇದೂ ಬರತ್ತೆ, ಕೆಳಗೆ ಬೇರೆ ಗೆರೆ ಎಳೆದು ಬರ್ಕೋ" ಅಂದೆ.